ಸಾವಿರ ಜನಕ್ಕೆ, ಮತ್ತೆ ಆ ಮೈನಸ್ ತೋರಿಸಿದವರಿಗೆ

ಹೋದ ವಾರ ಎರಡು ಸುದ್ದಿ ಒಟ್ಟಿಗೆ ಬಂದವು. ಬಾಕಿ ಉಳಿದಿದ್ದ ಸರ್ಕ್ಯೂಟ್ಸ್ ಸಬ್ಜೆಕ್ಟ್ ಪಾಸಾಯಿತು. ಚಾನೆಲ್‌ಗೆ ಯೂಟ್ಯೂಬ್ ಜಾಹೀರಾತಿನ ಆದಾಯಕ್ಕೆ ಬೇಕಾದ 1,000 ಸಬ್‌ಸ್ಕ್ರೈಬರ್, ಜನ ನೋಡಿದ 4,000 ಗಂಟೆ ಎರಡೂ ತುಂಬಿದವು. ಈ ಎರಡು ಸುದ್ದಿಯ ಹಿಂದೆಯೂ ಒಂದೇ ವಿಡಿಯೊದ ಕಥೆ ಇದೆ. ಅದು ಈಗ ಚಾನೆಲ್‌ನಲ್ಲಿ ಇಲ್ಲ.

ಕಳೆದ ಸೆಮಿಸ್ಟರ್‌ನಲ್ಲಿ ಕಿರ್ಚಾಫ್ ವೋಲ್ಟೇಜ್ ನಿಯಮದ (ಸರ್ಕ್ಯೂಟಿನ ಒಂದು ಲೂಪ್ ಪೂರ್ತಿ ಸುತ್ತಿ ಬಂದರೆ ವೋಲ್ಟೇಜಿನ ಏರಿಳಿತವೆಲ್ಲ ಕೂಡಿ ಸೊನ್ನೆ ಆಗಬೇಕು ಅನ್ನೋದು) ಬಗ್ಗೆ 14 ನಿಮಿಷದ ವಿಡಿಯೊ ಹಾಕಿದ್ದೆ. ಲ್ಯಾಬ್ ರೆಕಾರ್ಡ್ ಕೊಡಬೇಕಾದ ಹಿಂದಿನ ರಾತ್ರಿ, ಅರ್ಧ ನಿದ್ದೆಯಲ್ಲಿ ಎಡಿಟ್ ಮಾಡಿದ್ದು. ನನ್ನ ಚಾನೆಲ್‌ನಲ್ಲಿ ಜನ ಅತಿ ಜಾಸ್ತಿ ನೋಡಿದ್ದು ಅದನ್ನೇ. ಅದರ ಕೆಳಗೆ ಒಬ್ಬರು ಬರೆದಿದ್ದರು: "9:20ರಲ್ಲಿ ಮೈನಸ್ ಬರಬೇಕಲ್ವಾ?" ಎರಡು ವಾರ ನಾನು ಅದನ್ನು ಓದಲೇ ಇಲ್ಲ. ಪರೀಕ್ಷೆಯಲ್ಲಿ ಅಂಥದ್ದೇ ಲೂಪ್ ಬಂತು. ಧೈರ್ಯವಾಗಿ ಪ್ಲಸ್ ಹಾಕಿ ಎದ್ದು ಬಂದೆ. ನಾನೇ ಪಾಠ ಮಾಡಿದ್ದಲ್ವಾ!

ಮನೆಗೆ ಬಂದು ಕಮೆಂಟ್ ಓದಿದೆ. ಲೂಪ್ ಸುತ್ತುವಾಗ ಕರೆಂಟ್ ಹರಿಯುವ ಕಡೆಗೇ ರೆಸಿಸ್ಟರ್ ದಾಟಿದರೆ ವೋಲ್ಟೇಜ್ ಇಳಿಯುತ್ತದೆ, ಅಲ್ಲಿ ಮೈನಸ್ಸೇ. ಫೇಲಾಗಿದ್ದು ಆ ಒಂದು ಚಿಹ್ನೆಯಿಂದ ಅಂತ ಹೇಳಿದರೆ ಸುಳ್ಳಾಗುತ್ತದೆ. ಪರೀಕ್ಷೆಯ ಹಿಂದಿನ ದಿನ ಒಂದು ಥಂಬ್‌ನೇಲ್‌ಗೆ ಮೂರು ಗಂಟೆ ಕಳೆದಿದ್ದೆ.

ಆಮೇಲೆ ಶುರುವಾಯಿತು ನಿಜವಾದ ತಲೆನೋವು. ಒಮ್ಮೆ ಏರಿಸಿದ ವಿಡಿಯೊದ ಜಾಗದಲ್ಲಿ, ಅದೇ ಲಿಂಕ್ ಇಟ್ಟುಕೊಂಡು, ಬೇರೆ ಫೈಲ್ ಹಾಕೋಕೆ ಆಗುವುದಿಲ್ಲ. ಬೇಕಾದರೆ ಒಂದು ತುಂಡು ಕತ್ತರಿಸಬಹುದು, ಆದರೆ ಮುಂದಿನ ಲೆಕ್ಕವೆಲ್ಲ ಆ ಪ್ಲಸ್ ಮೇಲೇ ನಿಂತಿತ್ತು. ಬೇರೆ ಯಾರಿಗೂ ಕಾಣದ ಹಾಗೆ ಪ್ರೈವೇಟ್ ಮಾಡಿದರೆ ಅದರ ಗಂಟೆಗಳು ಲೆಕ್ಕದಿಂದ ಹೋಗುತ್ತವೆ. ಆಗ 3,600 ಗಂಟೆಯ ಹತ್ತಿರ ಇದ್ದೆ. ಅದರಲ್ಲಿ ಸಾವಿರಕ್ಕೂ ಹೆಚ್ಚು ಈ ವಿಡಿಯೊದ್ದೇ. ಸಾಲದ್ದಕ್ಕೆ, ಇದು ಕಳೆದ 365 ದಿನದ ಲೆಕ್ಕ. ಪರೀಕ್ಷೆ ಅಂತ ನಾನು ಸುಮ್ಮನಿದ್ದಷ್ಟು ದಿನವೂ ಹಳೆಯ ಗಂಟೆಗಳು ಒಂದು ಕಡೆಯಿಂದ ಉದುರುತ್ತಲೇ ಇದ್ದವು. ತೂತು ಕೊಡಕ್ಕೆ ನೀರು ಹೊಯ್ದ ಹಾಗೆ.

ಮೇಲೆ ಒಂದು ತಿದ್ದುಪಡಿ ಕಮೆಂಟ್ ಪಿನ್ ಮಾಡಿದರೆ ಸಾಕು ಅಂತ ನಾಲ್ಕು ದಿನ ನನಗೆ ನಾನೇ ಹೇಳಿಕೊಂಡೆ. ಆದರೆ ಪರೀಕ್ಷೆಯ ಹಿಂದಿನ ರಾತ್ರಿ ಕಮೆಂಟ್ ಓದುವವರು ಯಾರು? ನಾನೇ ಓದಿರಲಿಲ್ಲ. ಐದನೇ ದಿನ ಪ್ರೈವೇಟ್ ಮಾಡಿ, ಅದೇ ಪಾಠದ ಹೊಸ ವಿಡಿಯೊಗೆ ಕೈ ಹಾಕಿದೆ.

ಮೈನಸ್ ತೋರಿಸಿದವರೇ, ನಿಮಗೆ ಮೊದಲ ನಮಸ್ಕಾರ. ನೀವು ಬೈಯಲಿಲ್ಲ, ನಗಲಿಲ್ಲ, ಸುಮ್ನೆ ಕೇಳಿದಿರಿ. ಹೊಸ ವಿಡಿಯೊ ಬಂದಾಗ ಮೊದಲು ನೋಡಿ "ಈಗ ಸರಿ" ಅಂತ ಬರೆದವರೂ ನೀವೇ.

ನಮ್ಮ ಸರ್ಕ್ಯೂಟ್ಸ್ ಮೇಡಂಗೆ. ಹೊಸ ಸ್ಕ್ರಿಪ್ಟ್ ಹಿಡಿದು ಹೆದರಿಕೊಂಡೇ ಹೋದೆ. ನೀವು ಪೆನ್ ಕೊಟ್ಟು "ಇಲ್ಲಿ ಬಿಡಿಸಿ ತೋರ್ಸು" ಅಂದಿರಿ. ನಾನು ಚಿಹ್ನೆಗಳನ್ನೆಲ್ಲ ಬರೆದು, ಕೊನೆಗೆ ಕರೆಂಟಿನ ಬಾಣ ಹಾಕಿದೆ. "ಬಾಣ ಮೊದಲು, ಚಿಹ್ನೆ ಆಮೇಲೆ" ಅಂತ ಹಾಳೆ ತಿರುಗಿಸಿ ಕೊಟ್ಟಿರಿ. ಅವತ್ತಿನಿಂದ ಹಾಗೇ ಬರೆಯುತ್ತೇನೆ. ಪಾಸಾಗಿದ್ದೂ ಹಾಗೇ.

ಲ್ಯಾಬ್ ಪಾರ್ಟ್ನರ್‌ಗೆ: ರೆಕಾರ್ಡ್ ಕಾಪಿ ಮಾಡೋಕೆ ಕೊಡದೆ, ಪಕ್ಕದಲ್ಲೇ ಕೂತು ಬರೆಸಿದ್ದಕ್ಕೆ ಆಗ ಸಿಟ್ಟು ಬಂದಿತ್ತು. ಈಗ ಇಲ್ಲ. ಅಮ್ಮನಿಗೆ: ರೆಕಾರ್ಡಿಂಗ್ ಇದ್ದಾಗೆಲ್ಲ ಫ್ಯಾನ್ ಆರಿಸಿಕೊಂಡು ಬೆವರುತ್ತಾ ಕೂತಿದ್ದಕ್ಕೆ. ಅಕ್ಕ ಇವತ್ತಿನವರೆಗೂ ಒಂದು ವಿಡಿಯೊ ಪೂರ್ತಿ ನೋಡಿಲ್ಲ. ಪರವಾಗಿಲ್ಲ, ಲ್ಯಾಪ್‌ಟಾಪ್ ಅವಳದ್ದೇ.

ಇನ್ನು, ನಾನು ಎರಡು ತಿಂಗಳು ಕಾಣೆಯಾದಾಗಲೂ ಹಳೆಯ ವಿಡಿಯೊಗಳನ್ನು ನೋಡುತ್ತಾ ಇದ್ದ ನಿಮಗೆಲ್ಲ. ಎಷ್ಟು ಜನ ನೋಡಿದರು ಅಂತ ತೋರಿಸುವ ಗ್ರಾಫ್ ಇಳಿಯಿತು, ಆದರೆ ಒಂದು ದಿನವೂ ನೆಲ ಮುಟ್ಟಲಿಲ್ಲ. ರಾತ್ರಿ ಓದಿ ಮುಗಿಸಿ ಒಮ್ಮೆ ಅದನ್ನು ನೋಡಿಯೇ ಮಲಗುತ್ತಿದ್ದೆ.

ಮುಂದಿನ ವಿಡಿಯೊ ಇಂಟರ್ನಲ್ಸ್ ಆದ ಮೇಲೆ. ಜಾಹೀರಾತಿನ ಅರ್ಜಿ ಇನ್ನೂ ತುಂಬಿಲ್ಲ. ನಾಳೆ ಬೆಳಿಗ್ಗೆ ಲ್ಯಾಬ್ ಇದೆ, ರೆಕಾರ್ಡ್‌ನಲ್ಲಿ ಎರಡು ಪುಟ ಬಾಕಿ.