ಜಾಝ್ ಹಾಕಲು ಹೊರಟ ಪುಟ್ಟಿಗೆ

ಪುಟ್ಟಿ,

ನಿನ್ನ ಮೆಸೇಜು ನಿನ್ನೆ ರಾತ್ರಿ ನೋಡಿದೆ. ಕಾಲೇಜಿನ ಸಮುದಾಯ ರೇಡಿಯೋದಲ್ಲಿ ವಾರಕ್ಕೊಂದು ಗಂಟೆ ಜಾಝ್ ಹಾಕಲು ಒಪ್ಪಿದ್ದಾರೆ ಅಂದೆಯಲ್ಲ, ಬಹಳ ಖುಷಿಯಾಯಿತು ಕಣಮ್ಮ. ಹಾಸನದಲ್ಲಿ ಅದನ್ನ ಯಾರು ಕೇಳ್ತಾರೆ ಅಂತ ನಿಮ್ಮಪ್ಪ ನಕ್ಕನಂತೆ. ನಗಲಿ ಬಿಡು. ಅವನು ಕ್ರಿಕೆಟ್ ಕಾಮೆಂಟರಿ ಬಿಟ್ಟು ರೇಡಿಯೋದಲ್ಲಿ ಬೇರೇನೂ ಕೇಳಿದವನಲ್ಲ.

ನೀನು ಕಳಿಸಿದ ಪಟ್ಟಿ ನೋಡಿದೆ. ಮೈಲ್ಸ್ ಡೇವಿಸ್, ಬಿಲ್ ಇವಾನ್ಸ್, ಚೆಟ್ ಬೇಕರ್, ಮತ್ತೆ ಮೈಲ್ಸ್ ಡೇವಿಸ್. ಒಂದೊಂದೂ ಚಿನ್ನ. ಆದರೆ ಎಲ್ಲವೂ ಹೆಚ್ಚುಕಡಿಮೆ ಒಂದೇ ಹತ್ತು ವರ್ಷದೊಳಗಿನವು, ಎಲ್ಲವೂ ನಿಧಾನ, ಎಲ್ಲದರಲ್ಲೂ ನಾಲ್ಕೈದು ಜನ, ಎಲ್ಲವೂ ರಾತ್ರಿ ಹತ್ತರ ಮೇಲಿನ ಮನಸ್ಥಿತಿಯವು. ಊಟಕ್ಕೆ ಕೂರಿಸಿ ಎಲೆ ತುಂಬ ಬರೀ ಕೋಸಂಬರಿ ಬಡಿಸಿದ ಹಾಗಾಯಿತು. ಇಂಥ ಪಟ್ಟಿ ಕೇಳಿದವನು ಜಾಝ್ ಅಂದರೆ ದೊಡ್ಡ ಹೋಟೆಲಿನ ಲಾಬಿಯಲ್ಲಿ ಹಾಕುವ ಸಂಗೀತ ಅಂದುಕೊಂಡು ಸ್ಟೇಷನ್ ಬದಲಾಯಿಸುತ್ತಾನೆ. ತಪ್ಪು ಅವನದಲ್ಲ. ಬಹುಶಃ ನಿನ್ನದೂ ಅಲ್ಲ, ನೀನು ಹಾಡು ಕೇಳುವ ಆ ಆ್ಯಪ್‌ನದು. ಒಂದು ಕೇಳಿದರೆ ಅದರಂಥದ್ದೇ ಇನ್ನೊಂದನ್ನು ಮುಂದೆ ತಂದಿಡುತ್ತದೆ. ರೇಡಿಯೋದಲ್ಲಿ ಕೂತವರು ಮಾಡಬೇಕಾದ ಕೆಲಸ ಇದಕ್ಕೆ ಪೂರ್ತಿ ಉಲ್ಟಾ: ಕೇಳುವವನು ತಾನಾಗಿ ಎಂದೂ ಹುಡುಕದೇ ಇರುವುದನ್ನು ಅವನ ಮುಂದಿಡುವುದು.

ನಾನು ಜಾಝ್ ಕಲಿತದ್ದೇ ರೇಡಿಯೋದಿಂದ, ನಿನಗೆ ಗೊತ್ತು. ಮೂಡಿಗೆರೆ ಕಡೆ ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ, ಆಗಿದ್ದಾಗ ಸಾಹುಕಾರರ ಬಂಗಲೆಯಲ್ಲಿ ಒಂದು ಶಾರ್ಟ್‌ವೇವ್ ರೇಡಿಯೋ ಇತ್ತು. ಅಮೆರಿಕ ಸರ್ಕಾರ ಹೊರದೇಶಗಳಿಗೆ ನಡೆಸುತ್ತಿದ್ದ ವಾಯ್ಸ್ ಆಫ್ ಅಮೆರಿಕ ರೇಡಿಯೋದಲ್ಲಿ ವಿಲ್ಲಿಸ್ ಕೊನೋವರ್ ಅಂತ ಒಬ್ಬರು ಜಾಝ್ ಹಾಕುತ್ತಿದ್ದರು. 1955 ರಲ್ಲಿ ಶುರು ಮಾಡಿದವರು, 1996 ರಲ್ಲಿ ಸಾಯುವ ತನಕ ನಡೆಸಿದರು. ಶುರುವಾಗುವಾಗ ಡ್ಯೂಕ್ ಎಲಿಂಗ್ಟನ್ ಬ್ಯಾಂಡಿನ 'ಟೇಕ್ ದಿ ಎ ಟ್ರೇನ್', ಆಮೇಲೆ ಆ ದಪ್ಪ ದನಿ. ಇಂಗ್ಲಿಷ್ ಸರಿಯಾಗಿ ಬಾರದವರೂ ಹಿಡಿಯಲಿ ಅಂತ ಒಂದೊಂದು ಮಾತನ್ನೂ ಬಿಡಿಸಿ ಬಿಡಿಸಿ ನಿಧಾನಕ್ಕೆ ಹೇಳುತ್ತಿದ್ದರು. ತಮಾಷೆ ಅಂದರೆ ಸ್ವಂತ ದೇಶದಲ್ಲಿ ಅವರ ಹೆಸರು ಹೆಚ್ಚಿನವರಿಗೆ ಗೊತ್ತೇ ಇರಲಿಲ್ಲ. ಸರ್ಕಾರದ ಆ ಪ್ರಸಾರವನ್ನು ಅಮೆರಿಕದೊಳಗೆ ಹಾಕಬಾರದು ಅಂತ ಅಲ್ಲಿ ಕಾನೂನೇ ಇತ್ತು. ಪೋಲೆಂಡ್, ರಷ್ಯಾದಲ್ಲಿ ಮಾತ್ರ ಜನ ಕದ್ದುಮುಚ್ಚಿ ಕೇಳಿ ಅವರನ್ನು ತಲೆ ಮೇಲೆ ಹೊತ್ತುಕೊಂಡಿದ್ದರು.

ಅವರಿಂದ ನೀನು ಕಲಿಯಬೇಕಾದದ್ದು ಒಂದೇ. ಮಾತು ಕಡಿಮೆ, ಆದರೆ ಹೆಸರು ಪೂರ್ತಿ. ಯಾರು ಟ್ರಂಪೆಟ್, ಯಾರು ಪಿಯಾನೋ, ಯಾರು ಡ್ರಮ್ಸ್, ಯಾವ ವರ್ಷ. ಅಷ್ಟು ಹೇಳಿದರೆ ಸಾಕು. 'ದಂತಕಥೆ', 'ಮಾಂತ್ರಿಕ', 'ಸಾಮ್ರಾಟ' ಇವೆಲ್ಲ ಬೇಡ ಕಣಮ್ಮ. ಆರ್ಕೆಸ್ಟ್ರಾ ನಿರೂಪಕರು ಆ ಮಾತುಗಳನ್ನು ಉಜ್ಜಿ ಉಜ್ಜಿ ಸವೆಸಿಬಿಟ್ಟಿದ್ದಾರೆ. ಸಂಗೀತ ನಡೆಯುವಾಗ ಮಧ್ಯೆ ಬಾಯಿ ಹಾಕಲೇಬೇಡ.

ಇನ್ನು ಪಟ್ಟಿಗೆ ಬರೋಣ. ಹಳೆಯದಕ್ಕೆ ಹೆದರಬೇಡ. ಜಾಝ್‌ನ ಮೊದಲ ರೆಕಾರ್ಡು ಬಂದದ್ದು 1917 ರಲ್ಲಿ. ಆಗ ಮೈಕೇ ಇಲ್ಲ. ದೊಡ್ಡ ತುತ್ತೂರಿಯ ಮುಂದೆ ನಿಂತು ನುಡಿಸಬೇಕು, ಅದರ ಸದ್ದಿಗೆ ಸೂಜಿ ಅಲುಗಿ ಮೇಣದ ತಟ್ಟೆಯಲ್ಲಿ ಗೆರೆ ಕೊರೆಯಬೇಕು. ಡ್ರಮ್ಮನ್ನು ಜೋರಾಗಿ ಬಾರಿಸಿದರೆ ಸೂಜಿ ಎಗರುತ್ತಿತ್ತು. 1923 ರಲ್ಲಿ ಕಿಂಗ್ ಆಲಿವರ್ ಬ್ಯಾಂಡಿನ ಜೊತೆ ಲೂಯಿ ಆರ್ಮ್‌ಸ್ಟ್ರಾಂಗ್ ಅನ್ನೋ ಹುಡುಗ ರೆಕಾರ್ಡಿಂಗಿಗೆ ಹೋದಾಗ, ಅವನ ಕಾರ್ನೆಟ್ಟಿನ, ಅಂದರೆ ಟ್ರಂಪೆಟ್ಟಿನಂಥ ವಾದ್ಯದ, ದನಿ ಎಲ್ಲರನ್ನೂ ಮುಳುಗಿಸುತ್ತದೆ ಅಂತ ದೂರ ಒಯ್ದು ನಿಲ್ಲಿಸಿದ್ದರಂತೆ. 1925 ರ ಹೊತ್ತಿಗೆ ಮೈಕು ಬಂತು. ಅದೇ ಹುಡುಗ 1928 ರಲ್ಲಿ ನುಡಿಸಿದ 'ವೆಸ್ಟ್ ಎಂಡ್ ಬ್ಲೂಸ್' ಹಾಕು. ಶುರುವಿನಲ್ಲಿ ಅವನೊಬ್ಬನೇ ನುಡಿಸುವ ಆ ಕೆಲವು ಸೆಕೆಂಡುಗಳಿವೆಯಲ್ಲ, ಅದನ್ನು ಕೇಳಿ ಅಡುಗೆಮನೆಯಲ್ಲಿದ್ದವರೂ ಈಚೆ ಬಂದು ಯಾರಪ್ಪಾ ಇದು ಅಂತ ಕೇಳಬೇಕು. ಮುಗಿಯಲು ಮೂರು ಚಿಲ್ಲರೆ ನಿಮಿಷ ಅಷ್ಟೆ, ಯಾಕೆಂದರೆ ಆಗಿನ ತಟ್ಟೆಯ ಒಂದು ಬದಿಗೆ ಅದಕ್ಕಿಂತ ಜಾಸ್ತಿ ಹಿಡಿಸುತ್ತಿರಲಿಲ್ಲ. 1948 ರಲ್ಲಿ ಉದ್ದಕ್ಕೆ ನುಡಿಯುವ ತಟ್ಟೆಯಾದ ಎಲ್‌ಪಿ ಬಂದ ಮೇಲೆ ತಾನೇ ಒಂದೇ ಹಾಡನ್ನು ಇಪ್ಪತ್ತು ನಿಮಿಷ ಎಳೆಯಲು ಆದದ್ದು? ಇದನ್ನು ಒಂದು ಸಾಲಿನಲ್ಲಿ ಹೇಳು. ಹಳೆಯದು ಯಾಕೆ ಚಿಕ್ಕದು, ಯಾಕೆ ಕರಕರ ಅನ್ನುತ್ತದೆ ಅಂತ ಗೊತ್ತಾದರೆ ಜನ ಸಹಿಸಿಕೊಳ್ಳುತ್ತಾರೆ.

ಒಂದೇ ಹಾಡನ್ನು ಮೂರು ಜನರ ಕೈಯಲ್ಲಿ ಕೇಳಿಸು. ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ರಾಮನವಮಿ ಕಚೇರಿಗಳಲ್ಲಿ ಒಂದೇ ಕೀರ್ತನೆಯನ್ನು ಬೇರೆ ಬೇರೆ ವಿದ್ವಾಂಸರಿಂದ ಕೇಳಿ, ಮನೆಗೆ ಬರುವ ದಾರಿಯುದ್ದಕ್ಕೂ ಯಾರದು ಮೇಲು ಅಂತ ಜಗಳ ಆಡುವವರು ನಾವು. 'ಬಾಡಿ ಅಂಡ್ ಸೋಲ್' ತಗೋ. ಕೋಲ್ಮನ್ ಹಾಕಿನ್ಸ್ 1939 ರಲ್ಲಿ ಸ್ಯಾಕ್ಸೋಫೋನಿನಲ್ಲಿ ನುಡಿಸಿದ್ದು. ಮೊದಲ ನಾಲ್ಕಾರು ಸಾಲಿನಲ್ಲಿ ಮೂಲ ರಾಗದ ನೆರಳು ಇದೆ, ಆಮೇಲೆ ಮನುಷ್ಯ ತನ್ನ ದಾರಿ ಹಿಡಿದು ಹೋದವನು ತಿರುಗಿ ನೋಡುವುದೇ ಇಲ್ಲ. ಅದರ ಪಕ್ಕಕ್ಕೆ ಬಿಲ್ಲಿ ಹಾಲಿಡೇ ಹಾಡಿದ್ದು. ಆಮೇಲೆ 1960 ರಲ್ಲಿ ಜಾನ್ ಕೋಲ್ಟ್ರೇನ್ ನುಡಿಸಿದ್ದು. ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಯಾವುದು ಮೇಲು ಅಂತ ನೀನು ಹೇಳಬೇಡ, ಕೇಳಿದವರು ಜಗಳ ಆಡಲಿ.

ಈಗ ನನಗೆ ಬಹಳ ಇಷ್ಟವಾದ ಒಂದು ಕಥೆ. ಇದನ್ನು ನೀನು ಒಂದಿಡೀ ಎಪಿಸೋಡ್ ಮಾಡಬಹುದು. 1956 ರ ಜುಲೈನಲ್ಲಿ ನ್ಯೂಪೋರ್ಟ್ ಜಾಝ್ ಉತ್ಸವದಲ್ಲಿ ಡ್ಯೂಕ್ ಎಲಿಂಗ್ಟನ್ ಬ್ಯಾಂಡು ನುಡಿಸಿತು. ಎಲಿಂಗ್ಟನ್ ಕಾಲ ಮುಗಿಯಿತು ಅಂತ ಜನ ಮಾತಾಡಿಕೊಳ್ಳುತ್ತಿದ್ದ ಸಮಯ. ಬ್ಲೂಸ್ ಧಾಟಿಯ ಒಂದು ಹಾಡಿನ ನಡುವೆ ಪಾಲ್ ಗೊನ್ಸಾಲ್ವೆಸ್ ಎದ್ದು ಸ್ಯಾಕ್ಸೋಫೋನ್ ಹಿಡಿದವನು 27 ಆವರ್ತ ಬಿಡದೆ ನುಡಿಸಿಬಿಟ್ಟ. ಜನ ಕುರ್ಚಿ ಮೇಲೆ ಹತ್ತಿ ಕುಣಿದರು. ಆದರೆ ರೆಕಾರ್ಡ್ ಕಂಪನಿಯ ಟೇಪಿನಲ್ಲಿ ಅವನ ಸ್ಯಾಕ್ಸೋಫೋನ್ ಎಲ್ಲೋ ದೂರದಲ್ಲಿ ನುಡಿಸಿದಂತೆ ಕೇಳಿತು. ಯಾಕೆಂದರೆ ಅವನು ನಿಂತದ್ದು ಬೇರೆ ಮೈಕಿನ ಮುಂದೆ. ಆ ಮೈಕು ಯಾರದು ಗೊತ್ತಾ? ವಾಯ್ಸ್ ಆಫ್ ಅಮೆರಿಕದ್ದು! ಕಂಪನಿಯವರು ಆ ಕಚೇರಿಯ ಎಷ್ಟೋ ಭಾಗವನ್ನು ಮತ್ತೆ ಸ್ಟುಡಿಯೋದಲ್ಲಿ ನುಡಿಸಿಸಿ, ಚಪ್ಪಾಳೆ ಸೇರಿಸಿ ಎಲ್‌ಪಿ ಮಾಡಿ ಮಾರಿದರು. ಆಮೇಲೆ ಎಷ್ಟೋ ವರ್ಷಕ್ಕೆ ರೇಡಿಯೋದವರ ಟೇಪು ಸಿಕ್ಕಿತು. ಎರಡೂ ಟೇಪು ಜೋಡಿಸಿ 1999 ರಲ್ಲಿ ಆ ರಾತ್ರಿಯ ನಿಜವಾದ ಕಚೇರಿಯನ್ನು ಹೊರತಂದರು. ಎರಡೂ ಆವೃತ್ತಿ ಹಾಕು. ಮೊದಲು 1956 ರದ್ದು, ಆಮೇಲೆ 1999 ರದ್ದು. ದೂರದಲ್ಲಿದ್ದ ಗೊನ್ಸಾಲ್ವೆಸ್ ಮುಂದೆ ಬಂದು ನಿಲ್ಲುತ್ತಾನೆ.

ಆ ಕೆಲಸ ಮಾಡಿಸಿದ ಫಿಲ್ ಶಾಪ್ ಕೂಡ ರೇಡಿಯೋ ಮನುಷ್ಯನೇ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಸ್ಟೇಷನ್ನಿನಲ್ಲಿ, ಅದೂ ನಿಮ್ಮದರ ಹಾಗೆ ವಿದ್ಯಾರ್ಥಿಗಳು ನಡೆಸುವ ಸ್ಟೇಷನ್ನು, ಚಾರ್ಲಿ ಪಾರ್ಕರ್ ಅನ್ನೋ ಸ್ಯಾಕ್ಸೋಫೋನ್ ವಾದಕ ಒಬ್ಬನ ಬಗ್ಗೆಯೇ 1981 ರಿಂದ 2021 ರಲ್ಲಿ ಸಾಯುವವರೆಗೂ ಬೆಳಗ್ಗೆ ಕಾರ್ಯಕ್ರಮ ಮಾಡಿದರು. ಮೂರು ನಿಮಿಷದ ಹಾಡಿಗೆ ಅರ್ಧ ಗಂಟೆ ಮಾತಾಡುತ್ತಾರೆ ಅಂತ ಜನ ಗೊಣಗುತ್ತಿದ್ದರು. ಕೊನೋವರ್ ತರಹ ಮಾತಾಡು ಅಂತ ಮೇಲೆ ಹೇಳಿದೆ ನಿಜ. ಆದರೆ ಈ ಹುಚ್ಚೂ ನನಗೆ ಇಷ್ಟ, ಏನು ಮಾಡಲಿ.

ಹಾಗೇ ಪಿಯಾನೋದ ಥೆಲೋನಿಯಸ್ ಮಂಕ್ ಮತ್ತು ಕೋಲ್ಟ್ರೇನ್ 1957 ರ ನವೆಂಬರಿನಲ್ಲಿ ಕಾರ್ನೆಗಿ ಹಾಲ್‌ನಲ್ಲಿ ಒಟ್ಟಿಗೆ ನುಡಿಸಿದ ಟೇಪು. ಅದನ್ನು ಮಾಡಿಕೊಂಡದ್ದೂ ವಾಯ್ಸ್ ಆಫ್ ಅಮೆರಿಕದವರೇ. ಲೈಬ್ರರಿ ಆಫ್ ಕಾಂಗ್ರೆಸ್‌ನ ಪೆಟ್ಟಿಗೆಗಳ ನಡುವೆ ಬಿದ್ದಿದ್ದು 2005 ರಲ್ಲಿ ಕಣ್ಣಿಗೆ ಬಿತ್ತು. ಅದಕ್ಕೇ ಹೇಳುವುದು, ನಿಮ್ಮ ಸ್ಟುಡಿಯೋಗೆ ಯಾರಾದರೂ ಬಂದು ನುಡಿಸಿದರೆ ಅದನ್ನು ಅಳಿಸಬೇಡಿ. ಹಾರ್ಡ್ ಡಿಸ್ಕ್ ತುಂಬಿತು ಅಂತ ಹಳೆಯದನ್ನೆಲ್ಲ ಡಿಲೀಟ್ ಮಾಡುವ ಚಾಳಿ ಎಲ್ಲ ಕಡೆ ಇದೆ.

ಮೊದಲ ಎಪಿಸೋಡಿಗೆ ಏನು ಅಂತ ಕೇಳಿದೆಯಲ್ಲ. ನನ್ನ ಕೇಳಿದರೆ ನ್ಯೂಯಾರ್ಕಿನಿಂದ ಶುರು ಮಾಡಬೇಡ, ಬಂಟ್ವಾಳದಿಂದ ಶುರು ಮಾಡು. ಆ ಕಡೆಯ ಕದ್ರಿ ಗೋಪಾಲನಾಥ್ ಅವರದು ನಾಗಸ್ವರದ ಮನೆತನ. ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಅದರ ಹಿಂದೆ ಬಿದ್ದವರು. ಪರದೇಶಿ ವಾದ್ಯದಲ್ಲಿ ಗಮಕ ಹೊರಡಿಸಿದರು. ಇವತ್ತು ನಮ್ಮ ಕಡೆ ಮದುವೆ ಮನೆಯಲ್ಲಿ ಸ್ಯಾಕ್ಸೋಫೋನ್ ಕೇಳಿದರೆ ಯಾರೂ ಕತ್ತೆತ್ತಿ ನೋಡುವುದಿಲ್ಲ, ಅಷ್ಟು ಒಗ್ಗಿಹೋಗಿದೆ. ಅವರೂ ಅಮೆರಿಕದ ರುದ್ರೇಶ್ ಮಹಂತಪ್ಪ ಅವರೂ ಸೇರಿ 2008 ರಲ್ಲಿ 'ಕಿನ್ಸ್‌ಮೆನ್' ಅಂತ ಆಲ್ಬಂ ತಂದರು. ಇಬ್ಬರದೂ ಆಲ್ಟೋ ಸ್ಯಾಕ್ಸೋಫೋನೇ. ಒಬ್ಬರು ಕರ್ನಾಟಕ ಸಂಗೀತದಿಂದ ಬಂದವರು, ಇನ್ನೊಬ್ಬರು ಜಾಝ್‌ನಿಂದ. ಯಾವುದು ಯಾರದು ಅಂತ ಗುರುತಿಸಲು ಕಿವಿಗೆ ಸ್ವಲ್ಪ ಕೆಲಸ ಬೀಳುತ್ತದೆ.

ಅದರ ಜೊತೆಗೆ 'ಜ್ಯೋತಿ'. ಚಾರ್ಲಿ ಮರಿಯಾನೊ ಅನ್ನೋ ಅಮೆರಿಕದ ಸ್ಯಾಕ್ಸೋಫೋನ್ ವಾದಕ ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದ ಜೊತೆ 1983 ರಲ್ಲಿ ಮಾಡಿದ ರೆಕಾರ್ಡು. ಆರ್. ಎ. ರಮಾಮಣಿ ಅವರ ಗಾಯನ, ಟಿ. ಎ. ಎಸ್. ಮಣಿ ಅವರ ಮೃದಂಗ. ಡ್ರಮ್ಸೂ ಇಲ್ಲ, ಪಿಯಾನೋನೂ ಇಲ್ಲ. ಇದು ಜಾಝಾ ಅಂತ ಯಾರಾದರೂ ಫೋನ್ ಮಾಡಿ ಕೇಳಿದರೆ ವಾದ ಮಾಡಬೇಡ, ಇದೇ ಮರಿಯಾನೊ 1963 ರಲ್ಲಿ ಜಾಝ್‌ನ ದೊಡ್ಡ ಹೆಸರಾದ ಚಾರ್ಲ್ಸ್ ಮಿಂಗಸ್ ಜೊತೆ ನುಡಿಸಿದ್ದನ್ನು ಮುಂದಿನ ವಾರ ಹಾಕು.

ಹೆಣ್ಣುಮಕ್ಕಳನ್ನು ಬರೀ ಹಾಡುವವರು ಅಂತ ತೋರಿಸಬೇಡ. ಎಲಾ ಫಿಟ್ಜೆರಾಲ್ಡ್ ಇರಲಿ, ಅವರು 1960 ರಲ್ಲಿ ಬರ್ಲಿನ್‌ನಲ್ಲಿ ಸಾಹಿತ್ಯ ಮರೆತು ಅಲ್ಲೇ ಹೊಸ ಸಾಲು ಕಟ್ಟಿ ಹಾಡಿದ್ದು ಯಾರಿಗಾದರೂ ನಗು ತರಿಸುತ್ತದೆ. ಆದರೆ ಆರ್ಮ್‌ಸ್ಟ್ರಾಂಗ್‌ನ ತಂಡ ಹಾಟ್ ಫೈವ್‌ನಲ್ಲಿ ಪಿಯಾನೋ ನುಡಿಸಿದ್ದು ಲಿಲ್ ಹಾರ್ಡಿನ್. ಮೇರಿ ಲೂ ವಿಲಿಯಮ್ಸ್ ಪಿಯಾನೋ ಮಾತ್ರ ಅಲ್ಲ, ದೊಡ್ಡ ದೊಡ್ಡ ಬ್ಯಾಂಡುಗಳಿಗೆ ಸಂಗೀತ ಬರೆದುಕೊಟ್ಟವರು. ಆಲಿಸ್ ಕೋಲ್ಟ್ರೇನ್ ಹಾರ್ಪ್ ನುಡಿಸಿ ಹಿಂದೆ ತಂಬೂರಿ ಇಟ್ಟುಕೊಂಡ 1971 ರ ಆಲ್ಬಂ ನಿಮ್ಮಮ್ಮನಿಗೂ ಹಿಡಿಸುತ್ತದೆ, ಬೇಕಾದರೆ ಹಾಕಿ ನೋಡು. ಮತ್ತೆ ಅಮೆರಿಕ ಒಂದೇ ಅಲ್ಲ. ಪ್ಯಾರಿಸ್ಸಿನ ಜ್ಯಾಂಗೋ ರೈನ್‌ಹಾರ್ಟ್ ಬೆಂಕಿ ಅನಾಹುತದಲ್ಲಿ ಎಡಗೈಯ ಎರಡು ಬೆರಳು ಮುರುಟಿಹೋದ ಮೇಲೂ ಗಿಟಾರಿನಲ್ಲಿ ಓಡುವುದು ಕೇಳಿಸು. ದಕ್ಷಿಣ ಆಫ್ರಿಕಾದ ಅಬ್ದುಲ್ಲಾ ಇಬ್ರಾಹಿಂ, ಇಥಿಯೋಪಿಯಾದ ಮುಲಾಟು ಅಸ್ಟಾಟ್ಕೆ, ಒಬ್ಬೊಬ್ಬರಿಗೂ ಒಂದೊಂದು ವಾರ ಕೊಡಬಹುದು.

ತಲೆಬುಡ ಇಲ್ಲದ ಹಾಗೆ ಕೇಳುವ ಫ್ರೀ ಜಾಝ್ ಹಾಕಲೋ ಬೇಡವೋ ಅಂದೆ. ಹಾಕು. ಆದರೆ ಆರ್ನೆಟ್ ಕೋಲ್ಮನ್‌ನ ಅರ್ಧ ಗಂಟೆ ಮೀರಿದ್ದನ್ನು ಮೊದಲೇ ತಂದು ಸುರಿಯಬೇಡ. 1959 ರ 'ಲೋನ್ಲಿ ವುಮನ್' ಇದೆ, ಐದು ನಿಮಿಷದ್ದು. ದುಃಖ ಇದ್ದರೂ ಲಯ ಓಡುತ್ತಲೇ ಇರುತ್ತದೆ. ಅದನ್ನು ತಡೆದುಕೊಂಡವರು ಮುಂದಿನದನ್ನೂ ತಡೆದುಕೊಳ್ಳುತ್ತಾರೆ. ಎಂಬತ್ತರ ದಶಕದ ಆ ನುಣ್ಣನೆಯ, ಲಿಫ್ಟಿನಲ್ಲಿ ಕೇಳುವಂಥ ಸ್ಯಾಕ್ಸೋಫೋನ್ ಮಾತ್ರ ನನ್ನ ಮುಂದೆ ಹಾಕಬೇಡ. ರೇಡಿಯೋ ನಿನ್ನದು, ಇಷ್ಟವಿದ್ದರೆ ಹಾಕಿಕೋ.

ಸಣ್ಣಪುಟ್ಟ ವಿಷಯ ಸ್ವಲ್ಪ. ಸಮುದಾಯ ರೇಡಿಯೋ ಅಂದರೆ 100 ವ್ಯಾಟ್ ಲೆಕ್ಕ, ಊರು ದಾಟಿದರೆ ಗೊರಗೊರ. ಕೇಳುವವರು ಮೊಬೈಲಿನಲ್ಲೋ ಆಟೋದಲ್ಲೋ ಕೇಳುತ್ತಾರೆ. ಅಂಥ ಚಿಕ್ಕ ಸ್ಪೀಕರಿನಲ್ಲಿ ಬಾಸ್ ವಾದ್ಯದ ತಗ್ಗು ದನಿ ಕೇಳಿಸುವುದೇ ಇಲ್ಲ. ಬಾಸ್ ಒಂದೇ ನಾಲ್ಕು ನಿಮಿಷ ನುಡಿಸುವ ರೆಕಾರ್ಡು ಹಾಕಿದರೆ ಸ್ಟೇಷನ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಹಾಕುವ ಮೊದಲು ನಿನ್ನ ಮೊಬೈಲಿನಲ್ಲಿ ಇಯರ್‌ಫೋನ್ ಇಲ್ಲದೆ ಒಮ್ಮೆ ಕೇಳು. 1928 ರ ರೆಕಾರ್ಡಿನ ಸದ್ದೂ 2008 ರದ್ದರ ಸದ್ದೂ ಒಂದೇ ಮಟ್ಟದಲ್ಲಿ ಇರುವುದಿಲ್ಲ, ಮೊದಲೇ ಸರಿಮಾಡಿಕೋ. ಹಾಡು ಹಾಕುವ ಹಕ್ಕಿನ (ಕಾಪಿರೈಟ್) ವಿಷಯ ಸ್ಟೇಷನ್ ಉಸ್ತುವಾರಿಯವರನ್ನು ಕೇಳಿಯೇ ಮುಂದುವರಿ. ನಮ್ಮ ಕಾನೂನಿನಲ್ಲಿ ರೆಕಾರ್ಡಿಗೆ ಹೊರಬಂದ ಮೇಲೆ 60 ವರ್ಷ, ಸಂಗೀತ ಕಟ್ಟಿದವರಿಗೆ ಸತ್ತ ಮೇಲೆ 60 ವರ್ಷ, ಎರಡೂ ಬೇರೆ ಬೇರೆ ಲೆಕ್ಕ. ಹಳೆಯದು ಅಂದ ಮಾತ್ರಕ್ಕೆ ಪುಕ್ಕಟೆ ಅಲ್ಲ.

ಸಮಯವನ್ನೂ ವಿಚಾರಿಸು. 1935 ರಲ್ಲಿ ಬೆನ್ನಿ ಗುಡ್‌ಮನ್ ಬ್ಯಾಂಡು ನ್ಯೂಯಾರ್ಕಿನಿಂದ ರೇಡಿಯೋದಲ್ಲಿ ನುಡಿಸುವಾಗ ಅಲ್ಲಿ ನಡುರಾತ್ರಿ, ಎಳೆಯರೆಲ್ಲ ಮಲಗಿರುತ್ತಿದ್ದರು. ಕ್ಯಾಲಿಫೋರ್ನಿಯಾದಲ್ಲಿ ಮೂರು ಗಂಟೆ ಹಿಂದೆ, ಕಾಲೇಜು ಹುಡುಗರೆಲ್ಲ ಎದ್ದಿದ್ದರು. ಬ್ಯಾಂಡು ಊರೂರು ಸುತ್ತಿ ಸೋತು ಲಾಸ್ ಏಂಜಲೀಸಿಗೆ ಬಂದಾಗ ಹಾಲ್ ತುಂಬಿಸಿದ್ದು ಆ ಹುಡುಗರೇ. ನಿನಗೆ ಮಧ್ಯಾಹ್ನ ಮೂರು ಗಂಟೆ ಕೊಟ್ಟಿದ್ದಾರೆ ಅಂದೆ. ಆ ಹೊತ್ತಿಗೆ ಹಾಸನದಲ್ಲಿ ಅರ್ಧ ಊರು ತೂಕಡಿಸುತ್ತಿರುತ್ತದೆ. ರಾತ್ರಿ ಒಂಬತ್ತಕ್ಕೆ ಕೇಳಿ ನೋಡು. ಕೊಡದಿದ್ದರೆ ಮೂರು ಗಂಟೆಗೇ ಹತ್ತಾರು ಜನ ಸೇರಿ ನುಡಿಸುವ ಬಿಗ್ ಬ್ಯಾಂಡಿನಿಂದ ಶುರು ಮಾಡಿ ಎಬ್ಬಿಸು, ಕೌಂಟ್ ಬೇಸಿ ಬ್ಯಾಂಡು ಆ ಕೆಲಸ ಮಾಡುತ್ತದೆ.

ಹೊಸ ಪಟ್ಟಿ ಮಾಡಿ ಕಳಿಸು. ನಾನು ಒಪ್ಪಲಿ ಅಂತ ಕಾಯಬೇಡ. 'ಜ್ಯೋತಿ' ಹುಡುಕಿ ಸಿಗದಿದ್ದರೆ ನನ್ನ ಹತ್ತಿರ ಇದೆ, ಹಬ್ಬಕ್ಕೆ ಬರುವಾಗ ದೊಡ್ಡ ಪೆನ್‌ಡ್ರೈವ್ ತಾ. ನಿಮ್ಮಪ್ಪನಿಗೆ ಮೆಣಸಿನ ರೇಟು ವಿಚಾರಿಸಿ ಫೋನ್ ಮಾಡಲು ಹೇಳು.

ನಿನ್ನ ದೊಡ್ಡಪ್ಪ
ಚಿಕ್ಕಮಗಳೂರು