ದಾಖಲೆಯ ಸುದ್ದಿಯೊಡನೆ ಲೆಕ್ಕದ ರೀತಿಯನ್ನೂ ತಿಳಿಸಿ

ಮಾನ್ಯ ಸಂಪಾದಕರೇ,

ವಿದೇಶದ ಪಾಪ್ ಗಾಯಕರೊಬ್ಬರು ‘ಬೀಟಲ್ಸ್ ದಾಖಲೆ ಮುರಿದರು’ ಎಂಬ ಸುದ್ದಿ ಈಚಿನ ವರ್ಷಗಳಲ್ಲಿ ನಮ್ಮ ಪತ್ರಿಕೆಗಳ ಮನರಂಜನೆ ಪುಟಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿದೆ. ಸುದ್ದಿ ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ಆ ದಾಖಲೆಯನ್ನು ಲೆಕ್ಕ ಹಾಕುವ ಕ್ರಮವೇ ನಡುವೆ ಹಲವು ಬಾರಿ ಬದಲಾಗಿದೆ ಎಂಬುದನ್ನು ತಿಳಿಸುವ ಒಂದು ಸಾಲೂ ಅದರ ಜೊತೆಗಿರುವುದಿಲ್ಲ. ಮೈಸೂರಿನ ಶಿವರಾಂಪೇಟೆಯಲ್ಲಿ ಬಹಳ ವರ್ಷ ಕ್ಯಾಸೆಟ್ಟು, ಸಿ.ಡಿ. ಮಾರಿಕೊಂಡಿದ್ದವನಾದ್ದರಿಂದ ಈ ಕೊರತೆ ನನಗೆ ಇತರರಿಗಿಂತ ಸ್ವಲ್ಪ ಹೆಚ್ಚಾಗಿಯೇ ಕಾಣುತ್ತಿರಬಹುದು.

ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ‘ಹಾಟ್ 100’, ಅಂದರೆ ವಾರದ ನೂರು ಜನಪ್ರಿಯ ಹಾಡುಗಳ ಪಟ್ಟಿ, ಆರಂಭವಾದದ್ದು 1958ರಲ್ಲಿ. 1964ರ ಏಪ್ರಿಲ್ 4ರ ಪಟ್ಟಿಯಲ್ಲಿ ಮೊದಲ ಐದು ಸ್ಥಾನಗಳೂ ಇಂಗ್ಲೆಂಡಿನ ಬೀಟಲ್ಸ್ ತಂಡದವಾಗಿದ್ದವು. ಆ ಐದು ಹಾಡುಗಳು ನಾಲ್ಕು ಬೇರೆ ಬೇರೆ ಲೇಬಲ್‌ಗಳ ಬಿಡಿ ರೆಕಾರ್ಡುಗಳಾಗಿ ಮಾರುಕಟ್ಟೆಗೆ ಬಂದಿದ್ದವು. ಕೇಳುಗನು ಒಂದೊಂದಕ್ಕೂ ಅಂಗಡಿಗೆ ಹೋಗಿ ಬೇರೆಯಾಗಿ ಹಣ ಕೊಡಬೇಕಾಗಿತ್ತು, ಇಲ್ಲವೇ ರೇಡಿಯೋದವರು ಅದನ್ನು ಆರಿಸಿ ಹಾಕಬೇಕಾಗಿತ್ತು. ಅಲ್ಲಿಯೂ ಲೆಕ್ಕ ಪಕ್ಕಾ ಇತ್ತೆಂದೇನಲ್ಲ. 1991ರವರೆಗೆ ಯಾವ ರೆಕಾರ್ಡು ಹೆಚ್ಚು ಹೋಗುತ್ತಿದೆ ಎಂದು ಅಂಗಡಿಯವರನ್ನೇ ಕೇಳಿ ಬರೆದುಕೊಳ್ಳುತ್ತಿದ್ದರು. ಅಂಗಡಿಯವನು ತನ್ನ ಬಳಿ ಉಳಿದುಹೋದ ಮಾಲನ್ನೇ ಹೊಗಳುವನೆಂಬುದು ಈ ವೃತ್ತಿಯಲ್ಲಿದ್ದ ಯಾರಿಗೂ ಗೊತ್ತಿರುವ ಸಂಗತಿ. ಆ ವರ್ಷ ಬಾರ್‌ಕೋಡ್ ಮೂಲಕ ಎಣಿಸುವ ಸೌಂಡ್‌ಸ್ಕ್ಯಾನ್ ಪದ್ಧತಿ ಬಂದೊಡನೆ, ಅದುವರೆಗೆ ಕೆಳಗಿದ್ದ ಹಳ್ಳಿಗಾಡಿನ ಕಂಟ್ರಿ ಸಂಗೀತ ಮತ್ತು ರ‍್ಯಾಪ್ ಏಕಾಏಕಿ ಮೇಲಕ್ಕೇರಿದವು. ಜನರ ಅಭಿರುಚಿ ಒಂದೇ ವಾರದಲ್ಲಿ ಬದಲಾಗಲಿಲ್ಲ, ಎಣಿಸುವವರು ಬದಲಾದರು.

ಈಗ ನಡೆದಿರುವುದು ಅದಕ್ಕಿಂತ ದೊಡ್ಡ ಬದಲಾವಣೆ. ನನ್ನ ಅಂಗಡಿಯಲ್ಲಿ ಒಬ್ಬ ಗಿರಾಕಿ ಸಿ. ಅಶ್ವತ್ಥ್ ಅವರ ಭಾವಗೀತೆಗಳ ಕ್ಯಾಸೆಟ್ ಕೊಂಡರೆ ಲೆಕ್ಕದ ಪುಸ್ತಕದಲ್ಲಿ ಅದು ಒಂದು. ಆತ ಮನೆಗೆ ಹೋಗಿ ಟೇಪು ಸವೆಯುವಷ್ಟು ಸಲ ಕೇಳಿದರೂ ಒಂದೇ, ಒಮ್ಮೆಯೂ ಹಾಕದೆ ಷೋಕೇಸಿನಲ್ಲಿ ಇಟ್ಟರೂ ಒಂದೇ. ‘ಬಿ’ ಬದಿಯ ಮೂರನೆಯ ಹಾಡನ್ನು ಎಷ್ಟು ಜನ ಕೇಳಿದರು, ಎಷ್ಟು ಜನ ಮುಂದಕ್ಕೋಡಿಸಿದರು ಎಂಬುದು ನನಗಾಗಲಿ, ಕಂಪನಿಗಾಗಲಿ, ಗಾಯಕನಿಗಾಗಲಿ ತಿಳಿಯುವ ದಾರಿಯೇ ಇರಲಿಲ್ಲ. ಇಂಟರ್‌ನೆಟ್ಟಿನಿಂದ ನೇರವಾಗಿ ಹಾಡು ಕೇಳುವ ಸ್ಟ್ರೀಮಿಂಗ್‌ನಲ್ಲಿ ಎಣಿಕೆಗೆ ಸಿಗುವುದು ಕೊಳ್ಳುವ ಕ್ರಿಯೆಯಲ್ಲ, ಕೇಳುವ ಕ್ರಿಯೆ. ಸ್ಪಾಟಿಫೈ ಆ್ಯಪ್‌ನಲ್ಲಿ ಒಂದು ಹಾಡು 30 ಸೆಕೆಂಡು ಓಡಿದರೆ ಅದು ಒಂದು ಸ್ಟ್ರೀಮ್. ಅದೇ ವ್ಯಕ್ತಿ ಮತ್ತೆ ಹಾಕಿದರೆ ಮತ್ತೊಂದು. ಇಂಥ ಎಣಿಕೆಯ ಮೊದಲ ಲಾಭ ಈಗಾಗಲೇ ಹೆಸರು ಮಾಡಿದವರಿಗೇ ಸಂದಿರುವುದರಲ್ಲಿ ಆಶ್ಚರ್ಯವಿಲ್ಲ.

ಮೈಕೆಲ್ ಜಾಕ್ಸನ್ ಅವರ 1982ರ ‘ಥ್ರಿಲ್ಲರ್’ ಆಲ್ಬಮ್‌ನಲ್ಲಿ ಇದ್ದುದು ಒಂಬತ್ತು ಹಾಡುಗಳು. ಅವುಗಳಲ್ಲಿ ಏಳು ಹಾಡುಗಳು ಮೊದಲ ಹತ್ತರೊಳಗೆ ಬಂದವು. ಆದರೆ ಕಂಪನಿ ಅವುಗಳನ್ನು ಸುಮಾರು ಒಂದೂಕಾಲು ವರ್ಷದ ಅವಧಿಯಲ್ಲಿ ಒಂದಾದ ಮೇಲೊಂದರಂತೆ ಬಿಡುಗಡೆ ಮಾಡಿತ್ತು, ಮತ್ತು 1998ರ ಕೊನೆಯವರೆಗೂ ಬಿಡಿಯಾಗಿ ಮಾರಾಟಕ್ಕೆ ಬಾರದ ಹಾಡಿಗೆ ‘ಹಾಟ್ 100’ ಪಟ್ಟಿಯಲ್ಲಿ ಪ್ರವೇಶವೇ ಇರಲಿಲ್ಲ. 2018ರಲ್ಲಿ ಡ್ರೇಕ್ ಅವರ 25 ಹಾಡುಗಳ ಆಲ್ಬಮ್ ಬಂದಾಗ ಅವರ ಏಳು ಹಾಡುಗಳು ಒಂದೇ ವಾರದಲ್ಲಿ ಮೊದಲ ಹತ್ತರೊಳಗೆ ನಿಂತವು. ಟೇಲರ್ ಸ್ವಿಫ್ಟ್ 2022ರಲ್ಲಿ ಹತ್ತಕ್ಕೆ ಹತ್ತೂ ಸ್ಥಾನಗಳನ್ನು, 2024ರಲ್ಲಿ 31 ಹಾಡುಗಳನ್ನು ಒಟ್ಟಿಗೆ ಬಿಟ್ಟು ಮೊದಲ ಹದಿನಾಲ್ಕು ಸ್ಥಾನಗಳನ್ನು ತುಂಬಿದರು. ಅಭಿಮಾನಿಗಳು ಮೊದಲ ರಾತ್ರಿ ಆಲ್ಬಮನ್ನು ಆದಿಯಿಂದ ಅಂತ್ಯದವರೆಗೆ ಕೇಳಿದರೆ ಪ್ರತಿಯೊಂದು ಹಾಡೂ ತಾನಾಗಿಯೇ ಪಟ್ಟಿಗೆ ನುಗ್ಗುತ್ತದೆ. ಇವರ ಪ್ರತಿಭೆಯ ಬಗ್ಗೆ ನನಗೆ ತಕರಾರಿಲ್ಲ. ಆದರೆ ಜಾಕ್ಸನ್ ಅವರ ಏಳನ್ನೂ ಡ್ರೇಕ್ ಅವರ ಏಳನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಲೆಕ್ಕ ಬಲ್ಲವರು ಮಾಡುವ ಕೆಲಸವಲ್ಲ.

ಇಂಗ್ಲೆಂಡಿನವರು ಇದನ್ನು ಬೇಗ ಗುರುತಿಸಿದರು. 2014ರಲ್ಲಿ ಅಲ್ಲಿನ ಪಟ್ಟಿಗೆ ಸ್ಟ್ರೀಮಿಂಗ್ ಸೇರಿಸಿದಾಗ ನೂರು ಸ್ಟ್ರೀಮ್‌ಗಳನ್ನು ಒಂದು ಮಾರಾಟಕ್ಕೆ ಸಮವೆಂದು ಎಣಿಸಿದ್ದರು. 2017ರ ಮಾರ್ಚ್‌ನಲ್ಲಿ ಎಡ್ ಶೀರನ್ ಅವರ ಒಂದೇ ಆಲ್ಬಮ್‌ನ ಹದಿನಾರು ಹಾಡುಗಳು ಮೊದಲ ಇಪ್ಪತ್ತರೊಳಗೆ ಬಂದು, ಉಳಿದವರಿಗೆ ಜಾಗವೇ ಇಲ್ಲದಂತಾದಾಗ, ಒಬ್ಬ ಕಲಾವಿದರ ಮೂರು ಹಾಡುಗಳಿಗಿಂತ ಹೆಚ್ಚು ಪಟ್ಟಿಯಲ್ಲಿ ಇರಕೂಡದೆಂದು ಅದೇ ವರ್ಷ ನಿಯಮ ಮಾಡಿದರು. ಅಮೆರಿಕದಲ್ಲಿ ಅಂಥ ಮಿತಿಯಿಲ್ಲ. ಹಾಗಾಗಿ ಒಬ್ಬರೇ ಗಾಯಕರು ಒಂದೇ ವಾರ ಲಂಡನ್ನಿನಲ್ಲಿ ಮೂರು ಹಾಡುಗಳ, ನ್ಯೂಯಾರ್ಕಿನಲ್ಲಿ ಹತ್ತಾರು ಹಾಡುಗಳ ಒಡೆಯರಾಗಿ ಕಾಣಬಹುದು. ನಮ್ಮ ಪತ್ರಿಕೆಗಳು ಯಾವುದನ್ನು ಅಚ್ಚು ಹಾಕುತ್ತವೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹೆಸರಾಂತರೆಲ್ಲರಿಗೂ ಇದರಿಂದ ಲಾಭವೇ ಆಗಿದೆ ಎಂದುಕೊಂಡರೆ ಅದೂ ಅರ್ಧಸತ್ಯ. ಕೇಳುಗರು ನಡುವಯಸ್ಸು ದಾಟಿರುವ, ಆದರೆ ಹೆಸರು ಇನ್ನೂ ಮಾಸದ ಕಲಾವಿದರ ಆಲ್ಬಮನ್ನು ನಿಷ್ಠಾವಂತರು ಮೊದಲ ವಾರವೇ ಕೊಂಡು ಮುಗಿಸುತ್ತಾರೆ. ಆಮೇಲೆ ದಿನವೂ ಫೋನಿನಲ್ಲಿ ಅದನ್ನೇ ಹಾಕಿಕೊಳ್ಳುವವರು ಕಡಿಮೆ. 2019ರಲ್ಲಿ ಮಡೋನಾ ಅವರ ಆಲ್ಬಮ್ ಅಮೆರಿಕದ ಆಲ್ಬಮ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂದು, ಮರುವಾರವೇ ಮೊದಲ ಐವತ್ತರಿಂದಲೂ ಹೊರಗೆ ಬಿದ್ದಿತು. ಆ ಮೊದಲ ಸ್ಥಾನಕ್ಕೂ ಕಾರ್ಯಕ್ರಮದ ಟಿಕೆಟ್ಟಿನೊಡನೆ ಆಲ್ಬಮನ್ನು ಸೇರಿಸಿ ಮಾರುವ ಪದ್ಧತಿಯ ಬೆಂಬಲವಿತ್ತು. ಬಿಲ್‌ಬೋರ್ಡ್ 2020ರಲ್ಲಿ ಆ ದಾರಿಯನ್ನು ಬಿಗಿಗೊಳಿಸಿತು. ಇನ್ನೊಂದು ಕಡೆ, ಇಂಥವರ ಹೊಸ ಹಾಡಿಗೆ ಅವರದೇ ಹಳೆಯ ಹಾಡು ಎದುರಾಳಿಯಾಗಿದೆ. ಮರಾಯ ಕ್ಯಾರಿ ಅವರ 1994ರ ಕ್ರಿಸ್‌ಮಸ್ ಹಾಡು ‘ಹಾಟ್ 100’ರಲ್ಲಿ ಮೊದಲ ಸ್ಥಾನಕ್ಕೇರಿದ್ದು 25 ವರ್ಷಗಳ ಬಳಿಕ, 2019ರ ಡಿಸೆಂಬರ್‌ನಲ್ಲಿ. ಕೇಟ್ ಬುಷ್ ಅವರ 1985ರ ಹಾಡೊಂದು ಅಮೆರಿಕದ ಒಂದು ವೆಬ್ ಸರಣಿಯಲ್ಲಿ ಬಳಕೆಯಾದ ಕಾರಣ 2022ರಲ್ಲಿ ಬ್ರಿಟನ್ನಿನ ಅಗ್ರಸ್ಥಾನಕ್ಕೆ ಬಂತು. ಹಳೆಯ ಹಾಡುಗಳ ಸ್ಟ್ರೀಮ್‌ಗೆ ಅರ್ಧ ಬೆಲೆ ಕಟ್ಟುವ ಅಲ್ಲಿನ ನಿಯಮವನ್ನು ಆ ಹಾಡಿಗಾಗಿ ಸಡಿಲಿಸಿದ ಮೇಲಷ್ಟೇ ಅದು ಸಾಧ್ಯವಾಯಿತು ಎಂಬುದನ್ನು ಓದುಗರಿಗೆ ತಿಳಿಸಿದವರು ವಿರಳ.

ಅಭಿಮಾನಿಗಳಿಗೆ ಈ ನಿಯಮಗಳು ಪತ್ರಕರ್ತರಿಗಿಂತ ಚೆನ್ನಾಗಿ ಗೊತ್ತು. ಕೊರಿಯಾದ ತಂಡವೊಂದರ ಅಭಿಮಾನಿಯಾಗಿರುವ ನನ್ನ ತಂಗಿಯ ಮಗಳು ಅವರ ಹೊಸ ಹಾಡು ಬಂದ ರಾತ್ರಿ ಫೋನನ್ನು ಚಾರ್ಜಿಗೆ ಹಾಕಿ, ಕಿಟಕಿಯ ಪಕ್ಕ ಇಟ್ಟು, ಬೆಳಗಿನವರೆಗೆ ಓಡಿಸುತ್ತಾಳೆ. ಸದ್ದನ್ನು ಪೂರ್ತಿ ಮುಚ್ಚುವುದಿಲ್ಲ, ಮುಚ್ಚಿದರೆ ಲೆಕ್ಕಕ್ಕೆ ಬರುವುದಿಲ್ಲವೆಂದು ಅವಳ ಗೆಳತಿಯರ ಗುಂಪು ಹೇಳಿದೆಯಂತೆ. ಒಂದೇ ಹಾಡು ಸತತವಾಗಿ ಓಡಿದರೆ ಯಂತ್ರದ ಕೆಲಸವೆಂದು ಸಂಶಯ ಬಂದೀತೆಂದು ನಡುನಡುವೆ ಬೇರೆ ಹಾಡುಗಳನ್ನೂ ಸೇರಿಸುತ್ತಾಳೆ. ‘ಹಾಟ್ 100’ ಅಮೆರಿಕದೊಳಗಿನ ಕೇಳುವಿಕೆಯನ್ನಷ್ಟೇ ಎಣಿಸುತ್ತದೆ, ಮೈಸೂರಿನಲ್ಲಿ ಕೂತು ಹಾಕಿದ್ದು ಅದಕ್ಕೆ ತಲುಪದು ಎಂದು ನಾನು ಹೇಳಿದರೆ, 2020ರಲ್ಲಿ ಶುರುವಾದ, ಜಗತ್ತಿನ ಕೇಳುವಿಕೆಯನ್ನು ಎಣಿಸುವ ‘ಗ್ಲೋಬಲ್ 200’ ಪಟ್ಟಿಗೆ ತಲುಪುತ್ತದಲ್ಲ ಮಾಮ ಎಂಬ ಉತ್ತರ ಸಿದ್ಧವಾಗಿದೆ. ಅವಳ ಮಾತು ಸರಿಯೇ.

ನಮ್ಮಲ್ಲಿಯ ಪರಿಸ್ಥಿತಿ ಇನ್ನೂ ಮಬ್ಬಾಗಿದೆ. ಇಲ್ಲಿ ಜನಪ್ರಿಯತೆಯ ಸುದ್ದಿಯೆಂದರೆ ಯೂಟ್ಯೂಬ್ ವೀಕ್ಷಣೆಯ ಸಂಖ್ಯೆ. 2024ರ ಯುವ ದಸರಾಕ್ಕೆ ಮೈಸೂರಿನ ಬಳಿಯ ಉತ್ತನಹಳ್ಳಿಗೆ ಬಂದು ಹಾಡಿಹೋದ ರ‍್ಯಾಪ್ ಗಾಯಕ ಬಾದ್‌ಶಾ ಅವರ 2019ರ ಹಾಡೊಂದಕ್ಕೆ ಒಂದೇ ದಿನದಲ್ಲಿ ಏಳೂವರೆ ಕೋಟಿ ವೀಕ್ಷಣೆ ಬಂತೆಂದು ಪ್ರಚಾರವಾಗಿತ್ತು. ಯೂಟ್ಯೂಬ್ ಅದನ್ನು ದಾಖಲೆಯೆಂದು ಘೋಷಿಸಲಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ, ಹಣ ಕೊಟ್ಟು ಜಾಹೀರಾತಿನ ಮೂಲಕ ತೋರಿಸಿದ ವೀಕ್ಷಣೆಗಳನ್ನು ತನ್ನ ಸಂಗೀತ ಪಟ್ಟಿಗಳಲ್ಲಿ ಎಣಿಸುವುದಿಲ್ಲವೆಂದು ಪ್ರಕಟಿಸಿತು. ವಿಡಿಯೊದ ಕೆಳಗೆ ಕಾಣುವ ಒಟ್ಟು ಸಂಖ್ಯೆಗೆ ಮಾತ್ರ ಈ ಭೇದವಿಲ್ಲ. ಕನ್ನಡ ಹಾಡುಗಳ ‘ಇಷ್ಟು ಕೋಟಿ’ ಎಂಬ ಪೋಸ್ಟರುಗಳಲ್ಲಿ ನಾವು ಓದುವುದು ಆ ಒಟ್ಟು ಸಂಖ್ಯೆಯನ್ನೇ. 1952ರಲ್ಲಿ ರೇಡಿಯೋ ಸಿಲೋನ್‌ನಿಂದ ಆರಂಭವಾದ ಬಿನಾಕಾ ಗೀತಮಾಲಾ ಕಾರ್ಯಕ್ರಮಕ್ಕೂ ಪಕ್ಷಪಾತದ ಆರೋಪ ತಪ್ಪಿರಲಾರದು; ಆದರೂ ರೆಕಾರ್ಡುಗಳ ಮಾರಾಟವನ್ನೂ ಶ್ರೋತೃ ಸಂಘಗಳ ಅಭಿಪ್ರಾಯವನ್ನೂ ಸೇರಿಸಿ ಪಟ್ಟಿ ಮಾಡುತ್ತೇವೆಂದು ಕೇಳುಗರಿಗೆ ಗೊತ್ತಿರುವಂತೆ ನಡೆಸಿದ ಕಾರ್ಯಕ್ರಮವದು. ಇಂದಿನ ಆ್ಯಪ್‌ಗಳ ‘ಟಾಪ್’ ಪಟ್ಟಿಗಳಲ್ಲಿ ಅಷ್ಟು ವಿವರಣೆಯೂ ಸಿಗುವುದು ಕಷ್ಟ. ಮೈಸೂರಿನ ವಿಜಯ ಪ್ರಕಾಶ್ ಅವರಂಥ ನೆಲೆನಿಂತ ಗಾಯಕರ ಹಾಡಾಗಲಿ, ಈಗತಾನೇ ಬಂದ ಹುಡುಗನ ಹಾಡಾಗಲಿ, ಎಷ್ಟು ಜನ ತಾವಾಗಿ ಆರಿಸಿ ಕೇಳಿದರು, ಎಷ್ಟು ಜನರಿಗೆ ಆ್ಯಪ್ ತಾನಾಗಿ ಮುಂದಿನ ಹಾಡೆಂದು ಹಾಕಿತು ಎಂಬುದು ಆ ಪಟ್ಟಿಗಳನ್ನು ನೋಡಿ ಹೇಳಲಾಗದು.

ಆದ್ದರಿಂದ ನನ್ನ ಕೋರಿಕೆ ಇಷ್ಟೇ. ಪಟ್ಟಿಯ ಸುದ್ದಿಯನ್ನು ಪ್ರಕಟಿಸುವಾಗ ಅದು ಯಾವ ದೇಶದ ಯಾವ ಪಟ್ಟಿ, ಆ ವಾರ ಎಷ್ಟು ಹಾಡುಗಳನ್ನು ಒಟ್ಟಿಗೆ ಬಿಡುಗಡೆ ಮಾಡಲಾಗಿತ್ತು, ಚಂದಾ ಕಟ್ಟಿದವರ ಮತ್ತು ಉಚಿತವಾಗಿ ಕೇಳಿದವರ ಸ್ಟ್ರೀಮ್‌ಗಳಿಗೆ ಬೇರೆ ಬೇರೆ ಬೆಲೆಯಿದೆಯೇ ಎಂಬುದನ್ನು ಸುದ್ದಿಯ ಕೊನೆಗೆ ಎರಡು ಸಾಲಿನಲ್ಲಿ ಕೊಡಿ. ಉದಾಹರಣೆಗೆ, 2018ರಲ್ಲಿ ಬಿಲ್‌ಬೋರ್ಡ್ ಆಲ್ಬಮ್ ಪಟ್ಟಿಗೆ ಚಂದಾದಾರರ 1,250 ಸ್ಟ್ರೀಮ್‌ಗಳು ಒಂದು ಆಲ್ಬಮ್ಮಿಗೆ ಸಮವಾದರೆ, ಉಚಿತ ಕೇಳುಗರ 3,750 ಬೇಕೆಂದು ಗೊತ್ತುಮಾಡಲಾಗಿತ್ತು. ಕ್ರಿಕೆಟ್ ಪುಟದಲ್ಲಿ ಶತಕದ ಜೊತೆ ಎಸೆತಗಳ ಸಂಖ್ಯೆಯನ್ನು ತಪ್ಪದೆ ಅಚ್ಚು ಹಾಕುವ ತಮಗೆ ಇದು ಹೊರೆಯಾಗಲಾರದು. ಕನ್ನಡ ಹಾಡಿನ ವೀಕ್ಷಣೆಯ ಸಂಖ್ಯೆಯನ್ನು ಆಡಿಯೊ ಕಂಪನಿಯವರು ಕಳಿಸಿಕೊಟ್ಟಾಗ, ಅದರಲ್ಲಿ ಜಾಹೀರಾತಿನಿಂದ ಬಂದದ್ದು ಎಷ್ಟೆಂದು ಅವರನ್ನು ಕೇಳಿ, ಉತ್ತರ ಬಾರದಿದ್ದರೆ ಬರಲಿಲ್ಲವೆಂದೇ ಪ್ರಕಟಿಸಿ.

ಇಂತಿ,
ಒಬ್ಬ ಓದುಗ, ಕುವೆಂಪುನಗರ, ಮೈಸೂರು