ಹುರಿದರೆ ಅಡಿಕೆ ಅಡಿಕೆಯಲ್ಲವೇ? ಕಾಸರಗೋಡಿನ ಸಂಸದರಿಗೊಂದು ಬಹಿರಂಗ ಪತ್ರ

ಮಾನ್ಯ ಸಂಸದರೇ,

ನಮಸ್ಕಾರ. ಈ ಪತ್ರವನ್ನು ಕನ್ನಡದಲ್ಲಿಯೇ ಬರೆಯುತ್ತಿದ್ದೇನೆ. ನಿಮ್ಮ ಕ್ಷೇತ್ರದ ಬಡಗು ಭಾಗದಲ್ಲಿ ಅನೇಕ ಮನೆಗಳ ಅಡಿಕೆಯ ಲೆಕ್ಕ ಇವತ್ತಿಗೂ ಇದೇ ಭಾಷೆಯಲ್ಲಿದೆ. ಓದಿ ಹೇಳುವವರು ನಿಮ್ಮ ಕಚೇರಿಯಲ್ಲಿ ಒಬ್ಬರಾದರೂ ಇರುತ್ತಾರೆಂದು ನಂಬಿದ್ದೇನೆ. ಇಲ್ಲದಿದ್ದರೆ ಅದು ಇನ್ನೊಂದು ಪತ್ರಕ್ಕಾಗುವ ವಿಷಯ.

ಮೊನ್ನೆ ಮೂರು ಗೋಣಿ ಚಾಲಿಯನ್ನು, ಅಂದರೆ ಒಣಗಿಸಿ ಸುಲಿದ ಅಡಿಕೆಯನ್ನು, ಜೀಪಿಗೆ ಹಾಕಿಕೊಂಡು ಬದಿಯಡ್ಕದ ಅಂಗಡಿಗೆ ಹೋಗಿದ್ದೆ. ಅಂಗಡಿಯವರು ಗೋಣಿಯ ಆಳಕ್ಕೆ ಕೈ ಇಳಿಸಿ ಒಂದು ಹಿಡಿ ತೆಗೆದರು, ಎರಡನ್ನು ಕತ್ತರಿಸಿ ಬೆಳಕಿಗೆ ಹಿಡಿದು ನೋಡಿದರು. ಒಂದೇ ಅಂಗಳದಲ್ಲಿ ನಲವತ್ತು ದಿನಕ್ಕೂ ಹೆಚ್ಚು ಒಣಗಿದ ಅಡಿಕೆ ಅಲ್ಲಿ ನಾಲ್ಕು ಪಾಲಾಯಿತು: ಹೊಸತು, ಪಟೋರ, ಉಳ್ಳಿ, ಕರಿಗೋಟು. ಹೆಸರು ಬದಲಾದ ಹಾಗೆ ಧಾರಣೆ ಇಳಿಯಿತು. ಮಳೆಗಾಲದಲ್ಲಿ ಮದ್ದು ಬಿಡುವುದು ಒಂದು ವಾರ ತಡವಾದ ತಪ್ಪಿಗೆ ಕರಿಗೋಟಿನ ರಾಶಿ ಈ ಸಲ ದೊಡ್ಡದಿತ್ತು. ತಪ್ಪು ನನ್ನದೇ ಎನ್ನೋಣ. ಆದರೆ ಮರ ಹತ್ತುವವರು ಸಿಗಬೇಕಲ್ಲ!

ನಮ್ಮ ಅಂಗಳದ ಅಡಿಕೆಗೆ ಇಷ್ಟು ನಿಷ್ಠುರ ಪರೀಕ್ಷೆ. ಬಂದರಿನಲ್ಲಿ ಇಳಿಯುವ ಅಡಿಕೆಯನ್ನು ಬರೀ ಕಾಗದ ನೋಡಿ ಬಿಡುತ್ತಾರೆಯೇ ಎಂದು ವಾಪಸು ಬರುವಾಗ ದಾರಿಯುದ್ದಕ್ಕೂ ಯೋಚಿಸಿದೆ.

ನಿಯಮ ಇಲ್ಲವೆಂದಲ್ಲ. ಆಮದು ಅಡಿಕೆಗೆ ಶೇ 100 ಸುಂಕವಿದೆ. ಅದರ ಮೇಲೆ ಕನಿಷ್ಠ ಆಮದು ಬೆಲೆಯೂ ಇದೆ; ಅದಕ್ಕಿಂತ ಅಗ್ಗದ ಅಡಿಕೆಯನ್ನು ತರಿಸುವಂತಿಲ್ಲ. 2017ರಲ್ಲಿ ಕಿಲೋಗೆ 251 ರೂಪಾಯಿ ಎಂದು ನಿಗದಿಯಾಗಿದ್ದನ್ನು 2023ರ ಫೆಬ್ರುವರಿಯಲ್ಲಿ 351ಕ್ಕೆ ಏರಿಸಿದರು. ಈ ಬೆಲೆ, ಸುಂಕ ಎರಡನ್ನೂ ಕೂಡಿಸಿದರೆ ವಿದೇಶದ ಅಡಿಕೆ 700 ದಾಟಬೇಕು, ನಮ್ಮ ಚಾಲಿಯ ಹತ್ತಿರವೂ ಸುಳಿಯಬಾರದು. ಆದರೂ ಆಮದಿನ ಸುದ್ದಿ ಬಂದಾಗಲೆಲ್ಲ ಇಲ್ಲಿ ಧಾರಣೆ ನಡುಗುತ್ತದೆ.

ಶ್ರೀಲಂಕಾದೊಂದಿಗಿನ ಮುಕ್ತ ವ್ಯಾಪಾರ ಒಪ್ಪಂದ 2000ದಿಂದ ಜಾರಿಯಲ್ಲಿದೆ. ಆ ದಾರಿಯಲ್ಲಿ ಬರುವ ಅಲ್ಲಿನ ಅಡಿಕೆಗೆ ಸುಂಕವಿಲ್ಲ. ಇಂಡೋನೇಷ್ಯಾದ ಅಡಿಕೆ ದಾರಿಯಲ್ಲಿ ಊರು ಬದಲಿಸಿ ಶ್ರೀಲಂಕಾದ್ದಾಗಿ ಬರುತ್ತದೆ ಎಂಬ ದೂರು ಇಂದು ನಿನ್ನೆಯದಲ್ಲ. ಸುಂಕವೇ ಇಲ್ಲದ ಮೇಲೆ ಬಿಲ್ಲಿನಲ್ಲಿ 351 ಎಂದು ಬರೆಯಲು ಯಾರ ಗಂಟು ಹೋಗುತ್ತದೆ? ಮೂಲ ದೇಶದ ಪ್ರಮಾಣಪತ್ರವನ್ನು ಕಣ್ಣುಮುಚ್ಚಿ ಒಪ್ಪಬೇಕಿಲ್ಲ, ಆಮದುದಾರನೇ ಮಾಹಿತಿ ಇಟ್ಟುಕೊಂಡು ಕೇಳಿದಾಗ ಕೊಡಬೇಕು ಎಂಬ ಕಸ್ಟಮ್ಸ್ ನಿಯಮ 2020ರ ಸೆಪ್ಟೆಂಬರಿನಿಂದಲೇ ಇದೆ. ಅಡಿಕೆಯ ವಿಷಯದಲ್ಲಿ ಅದನ್ನು ಎಷ್ಟು ಸಲ ಬಳಸಿದರೆಂಬುದನ್ನು ನಮಗೂ ತಿಳಿಸಲಿ.

ಇನ್ನೊಂದು ವಿದ್ಯೆ ಹುರಿಯುವುದು. ಹುರಿದ ಅಡಿಕೆ ಸುಂಕದ ಪಟ್ಟಿಯಲ್ಲಿ ಬೇರೆಯೇ ಅಧ್ಯಾಯಕ್ಕೆ, ಹುರಿದ ಬೀಜಗಳ ಸಾಲಿಗೆ ಸೇರುತ್ತದೆ ಎಂಬ ವಾದಕ್ಕೆ ಸುಂಕದ ಮುಂಗಡ ತೀರ್ಪಿನ ಪ್ರಾಧಿಕಾರದ ಮನ್ನಣೆಯೂ ದೊರೆಯಿತು. ಕನಿಷ್ಠ ಬೆಲೆಯ ಮಾತು ಅಲ್ಲಿಗೆ ಅನ್ವಯಿಸುತ್ತಿರಲಿಲ್ಲ. ಹುರಿದದ್ದಕ್ಕೂ 351ರ ಮಿತಿ ಬಂದದ್ದು 2025ರ ಏಪ್ರಿಲಿನಲ್ಲಿ. ಅಲ್ಲಿಯವರೆಗೆ ಮುಂಬಾಗಿಲಿಗೆ ಬೀಗ, ಹಿಂಬಾಗಿಲು ಹಾರುಹೊಡೆದಂತೆ. ನಮ್ಮೂರಿನಲ್ಲಿ ಗೋಡಂಬಿ ಹುರಿಯುತ್ತಾರೆ. ಅಡಿಕೆ ಹುರಿಯುವವರನ್ನು ನಾನಿನ್ನೂ ಕಂಡಿಲ್ಲ.

ಭೂತಾನಿನ 17,000 ಟನ್ ಹಸಿ ಅಡಿಕೆಗೆ ಕನಿಷ್ಠ ಬೆಲೆಯಿಂದ 2022ರಲ್ಲಿ ವಿನಾಯಿತಿ ಕೊಟ್ಟಾಗ ಬೆಳೆಗಾರರು ಸಿಟ್ಟಾದರು. ನನಗೆ ಅದರ ಮೇಲೆ ಅಂಥ ಕೋಪವಿಲ್ಲ. ವರ್ಷಕ್ಕೆ ಎಷ್ಟೆಂದು ಗೊತ್ತಿದೆ, ಒಳಬರುವ ಬಾಗಿಲು ಯಾವುದೆಂಬುದೂ ಗೊತ್ತಿದೆ. ಹಾಗೆ ಹೇಳಿ ತರಿಸಿದ್ದನ್ನು ಸಹಿಸಬಹುದು.

ನಿಯಮ ಬದಲಿಸುವುದು ಮಂತ್ರಾಲಯದ ಕೆಲಸ, ನಿಮ್ಮದಲ್ಲ ಎಂದು ಬಲ್ಲೆ. ಸದನದಲ್ಲಿ ಕೇಳುವುದು ನಿಮ್ಮ ಕೈಯಲ್ಲಿದೆ. ಯಾವ ಬಂದರಿನಲ್ಲಿ, ಯಾವ ದೇಶದ ಹೆಸರಿನಲ್ಲಿ, ಯಾವ ಬೆಲೆಗೆ, ಎಷ್ಟು ಅಡಿಕೆ ಇಳಿಯಿತು? ರಫ್ತಿಗೆಂದು ವಿಶೇಷ ಆರ್ಥಿಕ ವಲಯಗಳು ಕನಿಷ್ಠ ಬೆಲೆಯ ಹಂಗಿಲ್ಲದೆ ತರಿಸಿದ ಅಡಿಕೆ ನಿಜವಾಗಿ ಹೊರಗೆ ಹೋಯಿತೇ, ಅಥವಾ ನಮ್ಮ ಪೇಟೆಗೇ ಬಂತೇ? 351ನ್ನು ವರ್ಷಕ್ಕೊಮ್ಮೆ ಬೆಳೆಯುವ ಖರ್ಚಿನೊಂದಿಗೆ ತಾಳೆ ನೋಡಲು ಏನು ಅಡ್ಡಿ? 2023ರ ಕೂಲಿಗೆ ಇಂದು ಯಾರೂ ಮರ ಹತ್ತುವುದಿಲ್ಲ. ಆ ಖರ್ಚಿನ ಲೆಕ್ಕ ಕೇಳಲು ದಿಲ್ಲಿಯವರು ದೂರ ಹುಡುಕಬೇಕಿಲ್ಲ: ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐ ಕಾಸರಗೋಡಿನಲ್ಲಿಯೇ ಇದೆ, ಅದರ ಅಡಿಕೆ ಸಂಶೋಧನೆಯ ಕೇಂದ್ರ ವಿಟ್ಲದಲ್ಲಿದೆ.

ಪ್ರಶ್ನೆಯನ್ನು ಮಲಯಾಳದಲ್ಲಿ ಕೇಳಿದರೂ ಅಡ್ಡಿಯಿಲ್ಲ. ಉತ್ತರ ಬಂದ ದಿನ ಒಂದು ಪ್ರತಿ ಕಳುಹಿಸಿಕೊಡಿ. ಬದಿಯಡ್ಕದ ಅಂಗಡಿಯಲ್ಲಿ ತಕ್ಕಡಿಯ ಮೇಲಿನ ಗೋಡೆಗೆ ಧಾರಣೆಯ ಹಲಗೆ ತೂಗುಹಾಕಿದ್ದಾರೆ; ಅದರ ಪಕ್ಕದಲ್ಲಿ ಅಂಟಿಸಲು ಜಾಗವಿದೆ.

ಇತಿ,
ನಿಮ್ಮ ಕ್ಷೇತ್ರದ ಒಬ್ಬ ಅಡಿಕೆ ಬೆಳೆಗಾರ